ಚಟ ಬಿಡಿಸಲು ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಬೆಂಗಳೂರು ಪುಟದಲ್ಲಿ ಡ್ರಗ್ಸ್ ಹಿಡಿದ ಸುದ್ದಿ ಇಲ್ಲದ ವಾರವೇ ಇಲ್ಲ. ಇಷ್ಟು ಕೆಜಿ ಗಾಂಜಾ, ಇಷ್ಟು ಗ್ರಾಂ ಎಂಡಿಎಂಎ, ಇಷ್ಟು ಲಕ್ಷದ ಮಾಲು, ಮೇಜಿನ ಮೇಲೆ ಜೋಡಿಸಿಟ್ಟ ಪೊಟ್ಟಣಗಳು, ಹಿಂದೆ ಸಾಲಾಗಿ ನಿಂತ ಪೊಲೀಸರು. ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಸುದ್ದಿಯನ್ನು ಎದೆ ಹಿಡಿದುಕೊಂಡು ಓದುವ ಅಪ್ಪ ಅಮ್ಮಂದಿರು ಈ ಊರಿನಲ್ಲಿ ತುಂಬಾ ಜನ ಇದ್ದಾರೆ. ಅವರಿಗೆ ಬೇಕಾದ ವಿಷಯ ಅದರಲ್ಲಿ ಇರುವುದಿಲ್ಲ. ಮಗನೋ ಮಗಳೋ ಈಗಾಗಲೇ ಚಟಕ್ಕೆ ಬಿದ್ದಿದ್ದರೆ ನಾಳೆ ಬೆಳಗ್ಗೆ ಎದ್ದು ಯಾವ ಆಸ್ಪತ್ರೆಗೆ ಹೋಗಬೇಕು, ಎಷ್ಟು ದುಡ್ಡು ಬೇಕು, ಡಾಕ್ಟರ್ ಹತ್ತಿರ ನಿಜ ಹೇಳಿದರೆ ಪೊಲೀಸ್ ಕೇಸ್ ಆಗುತ್ತದಾ, ಕಾಲೇಜಿನಿಂದ ತೆಗೆದುಹಾಕುತ್ತಾರಾ. ಇವೆಲ್ಲ ಯಾರನ್ನು ಕೇಳಬೇಕು ಅಂತಲೇ ಅವರಿಗೆ ಗೊತ್ತಿಲ್ಲ. ಕೊನೆಗೆ ಅವರು ಬರುವುದು ನನ್ನಂಥವರ ಹತ್ತಿರ.

ನಾನು ಪೀಣ್ಯದ ಕಡೆ ಮೆಡಿಕಲ್ ಸ್ಟೋರ್ ನಡೆಸುತ್ತೇನೆ. ಸುತ್ತ ಸಣ್ಣ ದೊಡ್ಡ ಫ್ಯಾಕ್ಟರಿಗಳು, ಗಾರ್ಮೆಂಟ್ಸ್, ಪಿಜಿಗಳು, ಬಾಡಿಗೆ ಮನೆಗಳ ಸಾಲು. ನಮ್ಮ ಏರಿಯಾದ ಜನ ಜ್ವರ, ನೆಗಡಿ, ಸುಟ್ಟ ಗಾಯ, ಏನೇ ಆಗಲಿ ಡಾಕ್ಟರ್ ಹತ್ತಿರ ಹೋಗುವ ಮೊದಲು ಅಂಗಡಿಗೆ ಬರುತ್ತಾರೆ. ಡಾಕ್ಟರ್ ಫೀಸ್ ಕೊಡುವ ಬದಲು ನಮ್ಮನ್ನು ಕೇಳಿದರೆ ಪುಕ್ಕಟೆ ಅಲ್ವಾ. ಹಾಗಾಗಿ ಈ ಕಾಯಿಲೆಯೂ ನಮ್ಮ ಕೌಂಟರ್‌ಗೆ ಬರುತ್ತದೆ, ಅದೂ ಎರಡು ದಾರಿಯಿಂದ. ಹುಡುಗರು ಮಾತ್ರೆ ಕೇಳಿಕೊಂಡು ಬರುತ್ತಾರೆ. ಸ್ವಲ್ಪ ದಿನ ಆದಮೇಲೆ ಅವರ ಅಮ್ಮಂದಿರು ಬರುತ್ತಾರೆ.

ಹುಡುಗರ ವಿಷಯ ಮೊದಲು ಹೇಳುತ್ತೇನೆ. ಡ್ರಗ್ಸ್ ಅಂದರೆ ದೊಡ್ಡ ಪಾರ್ಟಿ, ಪಬ್ಬು, ಶ್ರೀಮಂತರ ಮಕ್ಕಳು ಅಂತ ಟಿವಿ ನೋಡಿದವರಿಗೆ ಅನಿಸುತ್ತದೆ. ನಾನು ನೋಡುವುದು ಬೇರೆ. ಲೋಡಿಂಗ್ ಕೆಲಸ ಮಾಡುವ ಹುಡುಗ, ಡೆಲಿವರಿ ಹುಡುಗ, ಐಟಿಐ ಓದುತ್ತಿರುವವನು, ಪಿಯುಸಿ ಅರ್ಧಕ್ಕೆ ಬಿಟ್ಟವನು. ಕೇಳುವುದು ನೋವಿನ ಮಾತ್ರೆ, ನಿದ್ದೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್. ಟ್ರಮಡಾಲ್ ಅನ್ನುವ ನೋವಿನ ಮಾತ್ರೆಯನ್ನು 2018ರಲ್ಲಿ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತು ತಡೆಯುವ ಕಾಯ್ದೆಯೊಳಗೆ ತಂದರು. ಅದು ಸಿಗುವುದು ಕಷ್ಟವಾದ ಮೇಲೆ ಟಪೆಂಟಡಾಲ್ ಕೇಳುವವರು ಜಾಸ್ತಿಯಾದರು. ಆಪರೇಷನ್ ಆದವರಿಗೆ, ತಡೆಯಲಾಗದ ನೋವು ಇರುವವರಿಗೆ ಕೊಡುವ ಮಾತ್ರೆ ಅದು, ಡಾಕ್ಟರ್ ಚೀಟಿ ಇಲ್ಲದೆ ಕೊಡುವಂತಿಲ್ಲ. ನಾನು ಕೊಡುವುದಿಲ್ಲ. ಕೊಡುವ ಅಂಗಡಿಯವರೂ ಇದ್ದಾರೆ. ನನ್ನ ವೃತ್ತಿಯವರ ಬಗ್ಗೆ ನಾನೇ ಬರೆಯಲು ಬೇಸರವಾಗುತ್ತದೆ, ಆದರೂ ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ಮಾತ್ರೆಯನ್ನು ನುಂಗುವುದಷ್ಟೇ ಅಲ್ಲ, ನರಕ್ಕೆ ಚುಚ್ಚಿಕೊಳ್ಳುವವರೂ ಇದ್ದಾರೆ. ಇಪ್ಪತ್ತು ದಾಟದ ಹುಡುಗರ ಕೈಯಲ್ಲಿ ಕೀವು ತುಂಬಿದ ಗಾಯ, ನರ ಗಟ್ಟಿಯಾಗಿ ಹಗ್ಗದ ಹಾಗೆ ಎದ್ದಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದೇ ಸೂಜಿಯನ್ನು ನಾಲ್ಕು ಜನ ಬಳಸಿದರೆ ಹೆಪಟೈಟಿಸ್ ಸಿ, ಎಚ್‌ಐವಿ ಎರಡೂ ಹರಡುತ್ತವೆ. ಆ ಹುಡುಗರಿಗೆ ಬ್ಯಾಂಡೇಜ್ ಕೊಟ್ಟು ಆಸ್ಪತ್ರೆಗೆ ಹೋಗಿ ತೋರಿಸಪ್ಪ ಅಂದರೆ ತಿರುಗಿ ಕೂಡ ನೋಡದೆ ಹೋಗುತ್ತಾರೆ. ಗಾಯ ತೋರಿಸಿದರೆ ಡಾಕ್ಟರ್ ಪೊಲೀಸರಿಗೆ ಫೋನ್ ಮಾಡುತ್ತಾರೆ ಎಂಬ ಭಯ.

ಮೆಜೆಸ್ಟಿಕ್, ಕೆ.ಆರ್. ಮಾರ್ಕೆಟ್ ಕಡೆ ಓಡಾಡಿದವರು ಬಟ್ಟೆಗೆ ಸೊಲ್ಯೂಷನ್ ಹಾಕಿಕೊಂಡು ಮೂಗಿಗೆ ಹಿಡಿದುಕೊಂಡ ಮಕ್ಕಳನ್ನು ನೋಡಿರುತ್ತೀರಿ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಆಸ್ಪತ್ರೆಯ ತಜ್ಞರು ದೇಶಾದ್ಯಂತ ಒಂದು ದೊಡ್ಡ ಸಮೀಕ್ಷೆ ಮಾಡಿ 2019ರಲ್ಲಿ ವರದಿ ಕೊಟ್ಟರು. ಅದರಲ್ಲಿ ಮೂಸುವ ನಶೆಯೊಂದೇ ದೊಡ್ಡವರಿಗಿಂತ ಮಕ್ಕಳಲ್ಲಿ ಜಾಸ್ತಿ ಕಂಡುಬಂದಿದ್ದು. 10ರಿಂದ 17 ವಯಸ್ಸಿನವರಲ್ಲಿ ಶೇ 1.7, ದೊಡ್ಡವರಲ್ಲಿ ಶೇ 0.58. ಈ ಮಕ್ಕಳನ್ನು ದೊಡ್ಡ ಗಂಡಸರು ತುಂಬಿದ ವಾರ್ಡಿನಲ್ಲಿ ಮಲಗಿಸಲು ಆಗುವುದಿಲ್ಲ, ಅವರಿಗೆ ಬೇರೆಯದೇ ವ್ಯವಸ್ಥೆ ಬೇಕು, ಮಲಗಲು ಜಾಗ ಬೇಕು, ಶಾಲೆ ಬೇಕು. ಪೊಲೀಸರು ಓಡಿಸಿದರೆ ಒಂದು ಫ್ಲೈಓವರ್ ಕೆಳಗಿನಿಂದ ಇನ್ನೊಂದರ ಕೆಳಗೆ ಹೋಗುತ್ತಾರೆ ಅಷ್ಟೇ.

ಈಗ ಅಮ್ಮಂದಿರ ವಿಷಯ. ಗಾರ್ಮೆಂಟ್ಸ್ ಬಿಟ್ಟ ಮೇಲೆ, ಅಂಗಡಿಯಲ್ಲಿ ಬೇರೆ ಗಿರಾಕಿ ಇಲ್ಲದ ಹೊತ್ತು ನೋಡಿಕೊಂಡು ಬರುತ್ತಾರೆ. ಧ್ವನಿ ತಗ್ಗಿಸಿ, "ಅಣ್ಣಾ, ಬಿಡಿಸೋಕೆ ಏನಾದ್ರೂ ಪುಡಿ ಇದ್ಯಾ, ಅವನಿಗೆ ಗೊತ್ತಾಗದ ಹಾಗೆ ಸಾರಿಗೆ ಹಾಕೋ ಥರ?" ಅಂತ ಕೇಳುತ್ತಾರೆ. ಗಂಡನ ಕುಡಿತಕ್ಕೆ ಕೇಳುವವರು ಮೊದಲಿನಿಂದಲೂ ಇದ್ದರು. ಈಗ ಮಗನ ಗಾಂಜಾಕ್ಕೆ, ಮಾತ್ರೆಗೆ ಅದೇ ಪುಡಿ ಕೇಳುತ್ತಾರೆ. ಈ ಪುಡಿಯ ವಿಷಯ ಅವರಿಗೆ ಎಲ್ಲಿಂದ ಬಂತು? ಬಸ್ ಸ್ಟಾಪ್ ಗೋಡೆ ಮೇಲಿನ ಪೋಸ್ಟರ್‌ನಿಂದ, ಆಟೋ ಹಿಂದಿನ ಬೋರ್ಡಿನಿಂದ, ಮತ್ತೆ ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ, ಪತ್ರಿಕೆಗಳ ಸಣ್ಣ ಜಾಹೀರಾತಿನಿಂದ. "ರೋಗಿಗೆ ತಿಳಿಯದಂತೆ ಕುಡಿತ ಬಿಡಿಸಿ" ಎಂಬ ಜಾಹೀರಾತು ಕನ್ನಡ ಪತ್ರಿಕೆ ಓದುವ ಯಾರಿಗೂ ಹೊಸದಲ್ಲ. ಆ ಪುಡಿಯಲ್ಲಿ ಏನಿದೆ ಎಂದು ಯಾರೂ ಹೇಳುವುದಿಲ್ಲ. ಕುಡಿತ ಬಿಡಿಸಲು ಡೈಸಲ್ಫಿರಾಮ್ ಅನ್ನುವ ಒಂದು ಅಸಲಿ ಔಷಧಿ ಇದೆ, ಅದನ್ನು ತೆಗೆದುಕೊಂಡು ಮೇಲೆ ಮದ್ಯ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಬಡಿತ ಏರಿ, ಬಿಪಿ ಕುಸಿಯುತ್ತದೆ. ಪ್ರಾಣ ಹೋಗುವ ಮಟ್ಟಕ್ಕೂ ಹೋಗಬಹುದು. ಅದಕ್ಕೇ ಡಾಕ್ಟರ್‌ಗಳು ರೋಗಿಗೆ ಎಲ್ಲ ವಿವರಿಸಿ, ಅವನು ಒಪ್ಪಿದ ಮೇಲೆ ಮಾತ್ರ ಕೊಡುತ್ತಾರೆ. ಗೊತ್ತಿಲ್ಲದೆ ಸಾರಿಗೆ ಹಾಕಿದರೆ ಏನಾಗಬಹುದು ಎಂದು ನೀವೇ ಯೋಚಿಸಿ. ಗಾಂಜಾಕ್ಕಂತೂ, ಎಂಡಿಎಂಎಗಂತೂ ಹಾಗೆ ಬಿಡಿಸುವ ಪುಡಿ ಪ್ರಪಂಚದಲ್ಲೇ ಇಲ್ಲ. ಇದನ್ನು ಹೇಳಿದರೆ ಆ ತಾಯಿ ಮುಂದಿನ ಪ್ರಶ್ನೆ ಕೇಳುತ್ತಾಳೆ, ಹಾಗಾದರೆ ಎಲ್ಲಿಗೆ ಕರೆದುಕೊಂಡು ಹೋಗಲಿ?

ನಿಮ್ಹಾನ್ಸ್‌ಗೆ ಹೋಗಿ ಅನ್ನುತ್ತೇನೆ. ಅದು ಸರಿಯಾದ ಉತ್ತರವೇ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಚಟದ ಕಾಯಿಲೆಗೆಂದೇ ಒಂದು ಪ್ರತ್ಯೇಕ ಕೇಂದ್ರ ಇದೆ, ಅಲ್ಲಿನ ಡಾಕ್ಟರ್‌ಗಳು ದೇಶಕ್ಕೇ ಹೇಳಿಕೊಡುವಷ್ಟು ಅನುಭವ ಇರುವವರು, ಬಡವರಿಗೆ ಖರ್ಚೂ ಕಡಿಮೆ. ನಾನು ಕಳಿಸಿದ ಕೆಲವರು ಅಲ್ಲಿಂದ ಚೆನ್ನಾಗಿ ಆಗಿ ಬಂದಿದ್ದಾರೆ. ಆದರೆ ಒಂದೇ ನಿಮ್ಹಾನ್ಸ್ ಇರುವುದು. ಬೆಂಗಳೂರಿನವರಷ್ಟೇ ಅಲ್ಲ, ರಾಯಚೂರಿನಿಂದ, ಚಾಮರಾಜನಗರದಿಂದ, ಆಂಧ್ರ, ತಮಿಳುನಾಡಿನಿಂದ ಕೂಡ ಜನ ಅಲ್ಲಿಗೇ ಬರುತ್ತಾರೆ. ಪೀಣ್ಯದಿಂದ ಹೊರಟ ಒಬ್ಬ ತಾಯಿ ಬೆಳಗ್ಗೆ ಮಗನನ್ನು ಎಬ್ಬಿಸಿ, ಒಪ್ಪಿಸಿ, ಮೆಟ್ರೋ ಹತ್ತಿಸಿ, ಆಮೇಲೆ ಬಸ್ಸೋ ಆಟೋನೋ ಹಿಡಿದು ಅಲ್ಲಿಗೆ ಮುಟ್ಟಿ, ಚೀಟಿ ಮಾಡಿಸಿ, ಪಾಳಿಯಲ್ಲಿ ಕೂತು ವಾಪಸ್ ಬರುವಷ್ಟರಲ್ಲಿ ಸಂಜೆ. ಅವತ್ತಿನ ಕೂಲಿ ಹೋಯಿತು, ಹಾಜರಾತಿ ಬೋನಸ್ಸೂ ಹೋಯಿತು. ಒಂದು ಸಲಕ್ಕೆ ಮುಗಿದರೆ ಪರವಾಗಿಲ್ಲ. ಈ ಕಾಯಿಲೆಯ ಕಥೆಯೇ ಬೇರೆ, ತಿಂಗಳುಗಟ್ಟಲೆ ಹೋಗಿ ಬರುತ್ತಿರಬೇಕು. ಎರಡನೇ ಸಲವೋ ಮೂರನೇ ಸಲವೋ ಹುಡುಗ ದಾರಿಯಲ್ಲೇ ಇಳಿದು ಹೋಗುತ್ತಾನೆ, ಇಲ್ಲವೇ ತಾಯಿಗೆ ರಜೆ ಸಿಗುವುದಿಲ್ಲ. ಚಿಕಿತ್ಸೆ ಅಲ್ಲಿಗೆ ನಿಂತಿತು.

ಹಾಗೆ ನಿಂತಾಗ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಓದಿದವರೂ ಇದನ್ನು ತಪ್ಪು ತಿಳಿದುಕೊಂಡಿದ್ದಾರೆ. ಚಟ ಅಂದರೆ ಕೊಬ್ಬು, ನಾಲ್ಕು ಬಿಗಿದರೆ ಸರಿಹೋಗುತ್ತದೆ, ಇಲ್ಲವಾದರೆ ಹತ್ತು ದಿನ ರೂಮಿನಲ್ಲಿ ಕೂಡಿ ಹಾಕಿದರೆ ಸಾಕು ಅಂತ ನಮ್ಮ ಜನ ನಂಬಿದ್ದಾರೆ. ದಿನಾ ಜಾಸ್ತಿ ಕುಡಿಯುವವನನ್ನು ಹಾಗೆ ದಿಢೀರನೆ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಕೈಕಾಲು ನಡುಗಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಿ, ಇಲ್ಲದ ಧ್ವನಿ ಕೇಳಿಸಿ, ಹೊತ್ತು ಗೊತ್ತಿಲ್ಲದೆ ಒದ್ದಾಡಬಹುದು, ಆಸ್ಪತ್ರೆಗೆ ಸೇರಿಸದಿದ್ದರೆ ಸಾಯಲೂಬಹುದು. ಅದಕ್ಕೆ ಔಷಧಿ ಇದೆ, ಬಿ1 ವಿಟಮಿನ್ ಇಂಜೆಕ್ಷನ್ ಕೊಡುತ್ತಾರೆ, ಒಂದು ವಾರ ಹತ್ತು ದಿನದಲ್ಲಿ ಆ ಗಂಡಾಂತರ ದಾಟುತ್ತದೆ. ಅಫೀಮಿನ ಜಾತಿಯ ನಶೆ, ಅಂದರೆ ಹೆರಾಯಿನ್, ಟ್ರಮಡಾಲ್, ಟಪೆಂಟಡಾಲ್ ಥರದ್ದು ಬಿಟ್ಟಾಗ ಬರುವ ಕಷ್ಟ ಇನ್ನೊಂದು ಥರ. ಮೂಗು ಕಣ್ಣು ಸುರಿಯುತ್ತದೆ, ಮೈಯೆಲ್ಲ ಮುರಿದ ಹಾಗೆ ನೋವು, ಭೇದಿ, ನಿದ್ದೆ ಇಲ್ಲ. ಇದನ್ನು ತಡೆಯಲಾಗದೆ ಮತ್ತೆ ಮಾತ್ರೆ ಹುಡುಕಿಕೊಂಡು ಓಡುತ್ತಾರೆ.

ಕೂಡಿ ಹಾಕಿ ಬಿಡಿಸಿದರೆ ಇನ್ನೂ ದೊಡ್ಡ ಅಪಾಯ ಆಮೇಲೆ ಕಾದಿರುತ್ತದೆ. ಒಂದು ತಿಂಗಳು ನಶೆ ಇಲ್ಲದೆ ಇದ್ದವನ ಮೈಗೆ ಮೊದಲಿನ ಡೋಸ್ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಹೊರಗೆ ಬಂದ ದಿನ ಹಳೇ ಸ್ನೇಹಿತರು ಸಿಕ್ಕಿ, ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಂತು ಸತ್ತೇ ಹೋಗಬಹುದು. ಜೈಲಿನಿಂದ ಬಿಡುಗಡೆಯಾದವರಿಗೂ ಇದೇ ಅಪಾಯ. ಆದ್ದರಿಂದ ಬಿಡಿಸುವುದು ಒಂದು ವಾರದ ಕೆಲಸ, ಬಿಟ್ಟಿದ್ದನ್ನು ಉಳಿಸುವುದು ಒಂದೆರಡು ವರ್ಷದ ಕೆಲಸ. ಅಫೀಮಿನ ಜಾತಿಯ ಚಟಕ್ಕೆ ಬ್ಯುಪ್ರೆನಾರ್ಫಿನ್ ಅನ್ನುವ, ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಇದೆ. ಅದನ್ನು ಡಾಕ್ಟರ್ ಕಣ್ಣೆದುರು ಸರಿಯಾಗಿ ತೆಗೆದುಕೊಂಡರೆ ಹುಡುಗ ಕೆಲಸಕ್ಕೆ ಹೋಗಿಕೊಂಡು ಮನೆಯಲ್ಲೇ ಇರಬಹುದು, ಸೂಜಿ ಬಿಡಬಹುದು. ಪಂಜಾಬ್ ಸರ್ಕಾರ 2017ರಿಂದ ಇದಕ್ಕೆಂದೇ ಹೊರರೋಗಿ ಕ್ಲಿನಿಕ್‌ಗಳನ್ನು ತೆರೆಯಿತು. ಪಂಜಾಬ್‌ನ ಹೆಸರು ಡ್ರಗ್ಸ್ ಅಂದರೆ ಎಲ್ಲರ ಬಾಯಲ್ಲಿ ಬರುತ್ತದೆ, ಆದರೆ ಅವರು ಚಿಕಿತ್ಸೆಯನ್ನು ಊರ ಹತ್ತಿರಕ್ಕೆ ತಂದಿದ್ದನ್ನು ನಾವು ಮಾತಾಡುವುದಿಲ್ಲ. ಗಾಂಜಾಕ್ಕೆ ಹಾಗೆ ಬದಲಿ ಔಷಧಿ ಇಲ್ಲ, ಅಲ್ಲಿ ಕೌನ್ಸೆಲಿಂಗೇ ಮುಖ್ಯ. ಗಾಂಜಾ ಏನೂ ಮಾಡಲ್ಲ, ಅದು ಬರೀ ಸೊಪ್ಪು ಅನ್ನುವ ಹುಡುಗರಿಗೆ ಒಂದು ಮಾತು ಹೇಳಲೇಬೇಕು. ಚಿಕ್ಕ ವಯಸ್ಸಿನಲ್ಲಿ ದಿನಾ ಸೇದಿ, ಯಾರೋ ಹಿಂಬಾಲಿಸುತ್ತಿದ್ದಾರೆ, ಅಮ್ಮನೇ ಊಟಕ್ಕೆ ವಿಷ ಹಾಕಿದ್ದಾಳೆ ಎಂದು ಕೂಗಾಡುವ ಸ್ಥಿತಿಗೆ ಬಂದ ಹುಡುಗರ ಮನೆಯವರು ನನ್ನ ಅಂಗಡಿಗೇ ಮಾನಸಿಕ ಕಾಯಿಲೆಯ ಮಾತ್ರೆಗೆ ಬರುತ್ತಾರೆ.

ನಿಮ್ಹಾನ್ಸ್ ದೂರವಾದವರು ಖಾಸಗಿ ರಿಹ್ಯಾಬ್, ಅಂದರೆ ಚಟ ಬಿಡಿಸುವ ಕೇಂದ್ರಗಳ ಕಡೆ ತಿರುಗುತ್ತಾರೆ. ಇಲ್ಲಿ ಒಳ್ಳೆಯವರೂ ಇದ್ದಾರೆ, ಅವರನ್ನು ಸೇರಿಸಿ ಬಯ್ಯುವುದು ಅನ್ಯಾಯ. ತಾವೇ ಚಟದಿಂದ ಹೊರಬಂದು ಬೇರೆಯವರ ಕೈಹಿಡಿಯುತ್ತಿರುವವರನ್ನು ನಾನು ಬಲ್ಲೆ. ಆದರೆ ಊರ ಹೊರಗೆ ಒಂದು ಬಾಡಿಗೆ ಮನೆ ಹಿಡಿದು, ಕಿಟಕಿಗೆ ಕಬ್ಬಿಣದ ಜಾಲರಿ ಹಾಕಿಸಿ, ಡಾಕ್ಟರ್ ಇಲ್ಲದೆ, ನರ್ಸ್ ಇಲ್ಲದೆ, ಒಂದು ಹಾಲ್‌ನಲ್ಲಿ ಚಾಪೆ ಮೇಲೆ ಮಲಗಿಸಿ, ತಿಂಗಳಿಗೆ ಹತ್ತಾರು ಸಾವಿರ ಕೀಳುವವರೂ ಇದ್ದಾರೆ. ನನಗೆ ಪರಿಚಯವಿರುವ ಒಂದು ಕುಟುಂಬ ಓಲೆ ಅಡವಿಟ್ಟು ಮಗನನ್ನು ಅಂಥ ಒಂದು ಕಡೆ ಸೇರಿಸಿತು. ರಾತ್ರಿ ಹೊತ್ತಲ್ಲಿ ನಾಲ್ಕು ಜನ ವ್ಯಾನ್ ತಂದು, ಮಲಗಿದ್ದವನನ್ನು ಎತ್ತಿಕೊಂಡು ಹೋದರು. ಒಂದು ತಿಂಗಳು ಫೋನಿನಲ್ಲಿ ಕೂಡ ಮಾತಾಡಲು ಬಿಡಲಿಲ್ಲ. ಹುಡುಗ ವಾಪಸ್ ಬಂದಾಗ ಬೆನ್ನ ಮೇಲೆ ಬರೆ ಇತ್ತು, ಅಪ್ಪ ಅಮ್ಮನ ಮೇಲೆ ದ್ವೇಷ ಇತ್ತು, ಒಂದು ವಾರದಲ್ಲಿ ಮತ್ತೆ ಮಾತ್ರೆ ಶುರುವಾಯಿತು. ಈಗ ಅವನ ಮುಂದೆ ಆಸ್ಪತ್ರೆ ಅಂತ ಹೇಳಿದರೂ ಸಾಕು ಮನೆ ಬಿಟ್ಟು ಓಡಿಹೋಗುತ್ತಾನೆ. ಆ ಒಂದು ತಿಂಗಳು ಅವನನ್ನು ಚಿಕಿತ್ಸೆಯಿಂದಲೇ ದೂರ ಮಾಡಿತು ಎನ್ನುವುದು ನನಗೆ ತುಂಬಾ ನೋವು ಕೊಡುವ ಸಂಗತಿ.

ಇದು ಕಾನೂನಿಗೇ ವಿರುದ್ಧ ಅಂತ ಆ ಅಪ್ಪ ಅಮ್ಮನಿಗೆ ಗೊತ್ತಿರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಕುಡಿತ, ಡ್ರಗ್ಸ್‌ನಿಂದ ಬರುವ ಮಾನಸಿಕ ತೊಂದರೆಯೂ ಕಾಯಿಲೆಯ ಲೆಕ್ಕಕ್ಕೇ ಸೇರುತ್ತದೆ. ಹಾಗಾಗಿ ಅಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಕೇಂದ್ರ ನೋಂದಣಿ ಮಾಡಿಸಿರಬೇಕು. ಸರಪಳಿ ಹಾಕುವಂತಿಲ್ಲ. ಮನೆಯವರ ಜೊತೆ ಮಾತಾಡುವ, ಭೇಟಿಯಾಗುವ ಹಕ್ಕು ರೋಗಿಗೆ ಇದೆ. ಅವನು ಒಪ್ಪದಿದ್ದರೂ ಸೇರಿಸಲೇಬೇಕಾದ ಪರಿಸ್ಥಿತಿ ಬಂದರೆ ಅದಕ್ಕೂ ನಿಯಮ ಇದೆ, ಡಾಕ್ಟರ್‌ಗಳು ಪರೀಕ್ಷೆ ಮಾಡಿ ಬರೆದುಕೊಡಬೇಕು, ಮೊದಲ ಸಲಕ್ಕೆ 30 ದಿನದ ಮಿತಿ ಇದೆ, ದೂರು ಕೇಳಲು ಒಂದು ಮಂಡಳಿ ಇರಬೇಕು. ವ್ಯಾನ್ ತಂದು ಎತ್ತಿಕೊಂಡು ಹೋಗುವುದು ಇದ್ಯಾವುದರಲ್ಲೂ ಬರುವುದಿಲ್ಲ. ಓದುಗರಲ್ಲಿ ಯಾರಾದರೂ ಮನೆಯವರನ್ನು ಸೇರಿಸುವ ಯೋಚನೆಯಲ್ಲಿದ್ದರೆ ದಯವಿಟ್ಟು ಮೊದಲು ನೋಂದಣಿ ಪತ್ರ ತೋರಿಸಿ ಅಂತ ಕೇಳಿ, ಡಾಕ್ಟರ್ ಹೆಸರು ಕೇಳಿ, ಅವರು ಯಾವ ದಿನ ಬರುತ್ತಾರೆ ಕೇಳಿ, ಒಳಗೆ ಹೋಗಿ ಮಲಗುವ ಜಾಗ, ಬಚ್ಚಲು ನೋಡಿ. ಒಳಗೆ ಬಿಡುವುದಿಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ಆರೋಗ್ಯ ಇಲಾಖೆಯವರಿಗೆ ನನ್ನ ಮನವಿ ಇಷ್ಟೇ, ನೋಂದಣಿ ಆಗಿರುವ ಕೇಂದ್ರಗಳ ಪಟ್ಟಿಯನ್ನು ಕನ್ನಡದಲ್ಲಿ, ವಿಳಾಸ ಮತ್ತು ದರದ ಸಮೇತ, ಪ್ರತಿ ಸರ್ಕಾರಿ ಆಸ್ಪತ್ರೆಯ ಗೋಡೆಗೆ ಅಂಟಿಸಿ. ನಮ್ಮ ಮೆಡಿಕಲ್ ಸ್ಟೋರ್‌ಗಳಿಗೂ ಕೊಡಿ, ನಾವು ಅಂಟಿಸುತ್ತೇವೆ. ವಿಡಿಯೋ ಹೊರಗೆ ಬಂದು ಗಲಾಟೆಯಾದ ಮೇಲೆ ಬೀಗ ಹಾಕುವುದಕ್ಕಿಂತ ಮೊದಲೇ ಹೋಗಿ ನೋಡುವುದು ಮೇಲು.

ಇನ್ನು ಪೊಲೀಸ್ ಭಯ. ನನ್ನ ಪ್ರಕಾರ ಜನರನ್ನು ಆಸ್ಪತ್ರೆಯಿಂದ ದೂರ ಇಟ್ಟಿರುವುದರಲ್ಲಿ ದುಡ್ಡಿಗಿಂತ ಇದೇ ಜಾಸ್ತಿ. 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಸೇವನೆಯೂ ಅಪರಾಧ, 27ನೇ ಕಲಂನಲ್ಲಿ ಯಾವ ಡ್ರಗ್ಸ್ ಅನ್ನುವುದರ ಮೇಲೆ ಆರು ತಿಂಗಳವರೆಗೆ ಇಲ್ಲವೇ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ ಇದೆ. ಇದು ಎಲ್ಲರಿಗೂ ಗೊತ್ತು. ಅದೇ ಕಾಯ್ದೆಯಲ್ಲಿ 64ಎ ಅಂತ ಇನ್ನೊಂದು ಕಲಂ ಇದೆ, ಅದು ಯಾರಿಗೂ ಗೊತ್ತಿಲ್ಲ. ಸೇವನೆಗೆ ಅಥವಾ ಸಣ್ಣ ಪ್ರಮಾಣ ಇಟ್ಟುಕೊಂಡಿದ್ದಕ್ಕೆ ಕೇಸ್ ಆಗಿರುವ ವ್ಯಸನಿ ತಾನಾಗಿಯೇ ಮುಂದೆ ಬಂದು ಸರ್ಕಾರಿ ಆಸ್ಪತ್ರೆಯಲ್ಲೋ ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲೋ ಚಿಕಿತ್ಸೆ ತೆಗೆದುಕೊಂಡರೆ ಆ ಅಪರಾಧಕ್ಕೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆಯನ್ನು ವಾಪಸ್ ತೆಗೆದುಕೊಳ್ಳಬಹುದು. ಮಾರುವವರಿಗೆ, ದೊಡ್ಡ ಪ್ರಮಾಣದಲ್ಲಿ ಸಿಕ್ಕಿಬಿದ್ದವರಿಗೆ ಇದು ಅನ್ವಯಿಸುವುದಿಲ್ಲ, ಅದು ಸರಿಯೇ. 39ನೇ ಕಲಂ ಪ್ರಕಾರ ನ್ಯಾಯಾಲಯ ಕೂಡ ಅಂಥವನನ್ನು ಜೈಲಿನ ಬದಲು ಚಿಕಿತ್ಸೆಗೆ ಕಳಿಸಬಹುದು. ಯಾವ ಕೇಸೂ ಇಲ್ಲದೆ ಸುಮ್ನೆ ಆಸ್ಪತ್ರೆಗೆ ಹೋದವರ ವಿಷಯವನ್ನು ಗುಟ್ಟಾಗಿ ಇಡಬೇಕು ಅನ್ನುವುದು ಆ 2017ರ ಕಾಯ್ದೆಯಲ್ಲೇ ಇದೆ. ಇಷ್ಟು ಒಳ್ಳೆಯ ಕಲಂಗಳನ್ನು ಇಟ್ಟುಕೊಂಡು ನಾವು ಜನರಿಗೆ ಹೇಳದೇ ಇದ್ದರೆ ಹೇಗೆ? ಪ್ರತಿ ಕಾಲೇಜಿನಲ್ಲಿ ಜೂನ್ 26ಕ್ಕೆ ಪೊಲೀಸರು ಬಂದು ಮಾದಕ ವಸ್ತು ವಿರೋಧಿ ದಿನದ ಭಾಷಣ ಮಾಡುತ್ತಾರೆ, ಪ್ರತಿಜ್ಞೆ ಮಾಡಿಸುತ್ತಾರೆ, ಸಿಕ್ಕಿಬಿದ್ದರೆ ಜೀವನ ಹಾಳು ಅಂತ ಹೆದರಿಸುತ್ತಾರೆ. ಆ ಸಭೆಯಲ್ಲಿ ಈಗಾಗಲೇ ಚಟಕ್ಕೆ ಬಿದ್ದು, ಹೇಗಪ್ಪಾ ಬಿಡೋದು ಅಂತ ಒದ್ದಾಡುತ್ತಾ ಕೂತಿರುವ ಹುಡುಗನೂ ಇರುತ್ತಾನೆ. ಅವನಿಗೆ 64ಎ ಬಗ್ಗೆ ಎರಡು ನಿಮಿಷ ಹೇಳಿದರೆ ಅವನು ಅವತ್ತೇ ಆಸ್ಪತ್ರೆಗೆ ಹೋಗಬಹುದು.

ಕಾಲೇಜಿನವರಿಗೂ ಒಂದು ಮಾತು. ಹುಡುಗ ಸಿಕ್ಕಿಬಿದ್ದ ತಕ್ಷಣ ಟಿಸಿ ಕೊಟ್ಟು ಕಳಿಸಬೇಡಿ. ಕಾಲೇಜು, ಸ್ನೇಹಿತರು, ಪರೀಕ್ಷೆ, ಇವೇ ಅವನನ್ನು ಹಿಡಿದುಕೊಂಡಿರುವುದು. ಅವು ಕೈಬಿಟ್ಟರೆ ಅವನಿಗೆ ಉಳಿಯುವುದು ಡ್ರಗ್ಸ್ ಕೊಡುವ ಸ್ನೇಹಿತರು ಮಾತ್ರ. ರಜೆ ಕೊಟ್ಟು ಚಿಕಿತ್ಸೆಗೆ ಕಳಿಸಿ, ಮತ್ತೆ ಸೇರಿಸಿಕೊಳ್ಳಿ.

ಹೆಣ್ಣುಮಕ್ಕಳ ಬಗ್ಗೆ ಯಾರೂ ಬರೆಯುವುದಿಲ್ಲ. 2020ರಲ್ಲಿ ಸಿನಿಮಾದವರ ಡ್ರಗ್ಸ್ ಪ್ರಕರಣ ಬಂದಾಗ ಕನ್ನಡ ಟಿವಿ ಚಾನೆಲ್‌ಗಳು ವಾರಗಟ್ಟಲೆ ಹೇಗೆ ಮಾತಾಡಿದವು ಅನ್ನುವುದು ಎಲ್ಲರಿಗೂ ನೆನಪಿದೆ, ನಶೆ ರಾಣಿ ಅನ್ನುವ ಪದವನ್ನು ಮನೆ ಮನೆಗೆ ಮುಟ್ಟಿಸಿದವು. ಅದನ್ನು ನೋಡಿದ ಮೇಲೆ ಚಟ ಇರುವ ಯಾವ ಹುಡುಗಿ ಮನೆಯಲ್ಲಿ ಬಾಯಿಬಿಡುತ್ತಾಳೆ? ಯಾವ ಅಪ್ಪ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾನೆ? ಮದುವೆ ಆಗಬೇಕಾದವಳು, ಊರಿಗೆ ಗೊತ್ತಾದರೆ ಮುಗಿಯಿತು ಅಂತ ಕದ ಹಾಕಿಕೊಳ್ಳುತ್ತಾರೆ. ಹೆಣ್ಣುಮಕ್ಕಳಿಗೆ ಬೇರೆ ವಾರ್ಡು, ಹೆಣ್ಣು ಕೌನ್ಸೆಲರ್, ಮಗು ಇದ್ದರೆ ಜೊತೆಗೆ ಇಟ್ಟುಕೊಳ್ಳುವ ಅನುಕೂಲ ಇರುವ ಜಾಗ ಈ ಊರಿಗೆ ತುರ್ತಾಗಿ ಬೇಕು.

ಸರ್ಕಾರ ಏನು ಮಾಡಬಹುದು ಅಂತ ನನಗೆ ತೋಚಿದ್ದನ್ನು ಬರೆಯುತ್ತೇನೆ. ದೊಡ್ಡ ಕಟ್ಟಡ ಬೇಡ. ಬೆಂಗಳೂರಿನ ವಾರ್ಡುಗಳಲ್ಲಿ ಈಗ "ನಮ್ಮ ಕ್ಲಿನಿಕ್" ಅನ್ನುವ ಸರ್ಕಾರಿ ಕ್ಲಿನಿಕ್‌ಗಳು ಇವೆ, ಅಲ್ಲಿ ಬಿಪಿ, ಶುಗರ್‌ಗೆ ಪುಕ್ಕಟೆ ಮಾತ್ರೆ ಸಿಗುತ್ತದೆ, ಜನ ನಡೆದುಕೊಂಡೇ ಹೋಗಿ ಬರುತ್ತಾರೆ. ವಾರದಲ್ಲಿ ಒಂದು ಸಂಜೆ, ಕೆಲಸ ಬಿಟ್ಟು ಬರುವವರಿಗೆ ಆಗುವ ಹೊತ್ತಲ್ಲಿ, ಅಲ್ಲೇ ಒಬ್ಬ ಕೌನ್ಸೆಲರ್ ಕೂರಲಿ. ಡಾಕ್ಟರ್‌ಗಳಿಗೆ ನಿಮ್ಹಾನ್ಸ್‌ನವರು ತರಬೇತಿ ಕೊಟ್ಟು, ಕಷ್ಟದ ಕೇಸ್ ಬಂದರೆ ಫೋನಿನಲ್ಲೇ ಸಲಹೆ ಕೊಡಲಿ. ಹೊರಗೆ ಚಟ ಬಿಡಿಸುವ ಕೇಂದ್ರ ಅಂತ ಬೋರ್ಡ್ ಇರುವುದಿಲ್ಲ, ಹಾಗಾಗಿ ಯಾರು ಯಾಕೆ ಹೋದರು ಅಂತ ಅಕ್ಕಪಕ್ಕದವರಿಗೂ ಗೊತ್ತಾಗುವುದಿಲ್ಲ. ಸೇರಿಸಿಕೊಳ್ಳಲೇಬೇಕಾದವರಿಗೆ ಮಲ್ಲೇಶ್ವರದ ಕೆ.ಸಿ. ಜನರಲ್, ಜಯನಗರ ಜನರಲ್, ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆ, ಇಂಥ ಕಡೆ ಚಟದ ಕಾಯಿಲೆಗೆಂದೇ ಒಂದಷ್ಟು ಹಾಸಿಗೆ ಮೀಸಲಿಡಲಿ. ಮೊದಲ ಹತ್ತು ದಿನ ಅಲ್ಲಿ, ಆಮೇಲೆ ಮನೆ ಹತ್ತಿರದ ಕ್ಲಿನಿಕ್‌ನಲ್ಲಿ. ಆ ತಾಯಿಗೆ ಪೀಣ್ಯದಿಂದ ಹೊಸೂರು ರಸ್ತೆಗೆ ಪ್ರತಿ ಸಲ ಓಡುವುದು ತಪ್ಪುತ್ತದೆ.

ದುಡ್ಡು ಎಲ್ಲಿಂದ ಅಂತ ಕೇಳುತ್ತಾರೆ. ರಾಜ್ಯ ಸರ್ಕಾರ 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡಿತ್ತು. ಅದರಲ್ಲಿ ನೂರಕ್ಕೆ ಒಂದು ರೂಪಾಯಿ ಎತ್ತಿಟ್ಟರೂ 400 ಕೋಟಿ. ಕುಡಿದು ಕಾಯಿಲೆ ಬಿದ್ದವರು ಕೊಟ್ಟ ದುಡ್ಡೂ ಅದರಲ್ಲಿ ಸೇರಿದೆ, ಅವರ ಚಿಕಿತ್ಸೆಗೆ ಅಷ್ಟು ಕೇಳುವುದು ಜಾಸ್ತಿ ಅಲ್ಲ. ನಾನು ಡ್ರಗ್ಸ್ ಬಗ್ಗೆ ಬರೆಯಲು ಕೂತು ಕುಡಿತವನ್ನು ಯಾಕೆ ಎಳೆದು ತರುತ್ತಿದ್ದೇನೆ ಎಂದರೆ ಡಾಕ್ಟರ್ ಅದೇ, ಕೌನ್ಸೆಲರ್ ಅದೇ, ಹಾಸಿಗೆ ಅದೇ. ನಾನು ಮೇಲೆ ಹೇಳಿದ 2019ರ ಸಮೀಕ್ಷೆಯಲ್ಲಿ ಕುಡಿತಕ್ಕೆ ಪೂರ್ತಿ ದಾಸರಾದವರಲ್ಲಿ 38 ಜನಕ್ಕೆ ಒಬ್ಬರಿಗೆ ಮಾತ್ರ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿದೆ ಎಂದು ಇದೆ. ಉಳಿದ 37 ಜನ ಎಲ್ಲಿ ಹೋದರು? ನಮ್ಮ ಬೀದಿಗಳಲ್ಲೇ ಇದ್ದಾರೆ. ಹಳ್ಳಿಗಳ ಕಡೆ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ, ಊರಿನವರೆಲ್ಲ ಸೇರಿ ಊಟ ಹಾಕಿ, ಹೆಂಡತಿ ಮಕ್ಕಳನ್ನು ಕರೆಸಿ, ಬಿಟ್ಟವನಿಗೆ ಮರ್ಯಾದೆ ಮಾಡಿ ಕಳಿಸುತ್ತಾರೆ. ಆ ಮರ್ಯಾದೆ ದೊಡ್ಡ ವಿಷಯ. ನಗರದಲ್ಲಿ ಅಂಥ ಊರು ಅನ್ನುವುದು ಇಲ್ಲ, ಪಕ್ಕದ ಮನೆಯವರು ಯಾರೆಂದೇ ಗೊತ್ತಿಲ್ಲ. ಕುಡಿತ, ಡ್ರಗ್ಸ್ ಬಿಡಬೇಕು ಅನ್ನುವವರೇ ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್, ನಾರ್ಕೊಟಿಕ್ಸ್ ಅನಾನಿಮಸ್ ಸಭೆಗಳು ಬೆಂಗಳೂರಿನಲ್ಲಿ ನಡೆಯುತ್ತವೆ, ದುಡ್ಡಿಲ್ಲ, ಹೆಸರು ಹೇಳಬೇಕಾಗಿಲ್ಲ. ಅವಕ್ಕೆ ಶಾಲೆಯ ಕೋಣೆ, ಸಮುದಾಯ ಭವನ ಬಿಟ್ಟುಕೊಡಲು ಪಾಲಿಕೆಗೆ ಏನೂ ಖರ್ಚಿಲ್ಲ.

ವಿಮೆಯ ವಿಷಯವೂ ಒಂದಿದೆ. ಮಾನಸಿಕ ಕಾಯಿಲೆಗೂ ಮೈಯ ಕಾಯಿಲೆಯ ಹಾಗೆಯೇ ವಿಮೆ ಕೊಡಬೇಕು ಅಂತ 2017ರ ಕಾಯ್ದೆ ಹೇಳುತ್ತದೆ. ಆದರೆ ಎಷ್ಟೋ ಪಾಲಿಸಿಗಳಲ್ಲಿ ಕುಡಿತ, ಡ್ರಗ್ಸ್ ಚಟದ ಚಿಕಿತ್ಸೆಗೆ ಹಣ ಕೊಡುವುದಿಲ್ಲ ಅಂತ ಬರೆದೇ ಇರುತ್ತದೆ. ಬಲ್ಲವರು ಇದನ್ನು ಎತ್ತಿಕೊಂಡು ಕೇಳಬೇಕು.

ಕೊನೆಗೆ ನಿಮ್ಮ ಪತ್ರಿಕೆಗೇ ನನ್ನ ಬೇಡಿಕೆ. ಒಂದು, ಗೊತ್ತಿಲ್ಲದಂತೆ ಚಟ ಬಿಡಿಸುವ ಪುಡಿಯ ಜಾಹೀರಾತು ಬಂದರೆ ತೆಗೆದುಕೊಳ್ಳಬೇಡಿ. ಆದಾಯ ಸ್ವಲ್ಪ ಹೋಗುತ್ತದೆ, ಆದರೆ ಅದನ್ನು ನಂಬಿ ಸಾರಿಗೆ ಹಾಕುವ ತಾಯಂದಿರು ನಿಮ್ಮ ಓದುಗರೇ. ಇನ್ನೊಂದು, ಡ್ರಗ್ಸ್ ಹಿಡಿದ ಸುದ್ದಿ ಹಾಕಿದಾಗಲೆಲ್ಲ ಅದರ ಕೆಳಗೆ ಒಂದು ಸಣ್ಣ ಚೌಕ ಬಿಡಿ. ಚಟ ಬಿಡಿಸಲು ಸಲಹೆ ಕೊಡುವ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ಯಾವುದೇ ಕಷ್ಟಕ್ಕೆ ಟೆಲಿ ಮಾನಸ್ 14416, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಎರಡಕ್ಕೂ ಫೋನ್ ಮಾಡಲು ದುಡ್ಡು ಕೊಡಬೇಕಾಗಿಲ್ಲ. ನಾನು ಈ ಎರಡು ನಂಬರ್‌ಗಳನ್ನು ಚೀಟಿಯಲ್ಲಿ ಬರೆದು ಕೌಂಟರ್ ಮೇಲೆ ಇಟ್ಟಿದ್ದೇನೆ, ಯಾರೂ ಕೇಳದೆಯೇ ಎತ್ತಿಕೊಂಡು ಹೋಗುತ್ತಾರೆ. ಬೇರೆ ಮೆಡಿಕಲ್ ಸ್ಟೋರ್‌ನವರೂ ಹಾಗೆ ಇಡಿ ಅಂತ ಕೇಳಿಕೊಳ್ಳುತ್ತೇನೆ.

ಪತ್ರ ಉದ್ದವಾಗಿದೆ, ಪೂರ್ತಿ ಹಾಕಲು ಜಾಗ ಇಲ್ಲದಿದ್ದರೆ ಬೇರೆಲ್ಲ ತೆಗೆದುಹಾಕಿ. 64ಎ ಕಲಂ ಏನು ಹೇಳುತ್ತದೆ ಅನ್ನುವ ನಾಲ್ಕು ಸಾಲು ಮತ್ತು ಆ ಎರಡು ನಂಬರ್ ಮಾತ್ರ ದಯವಿಟ್ಟು ಉಳಿಸಿ. ನನ್ನ ಹೆಸರು ಹಾಕಬೇಡಿ, ಹಾಕಿದರೆ ನನ್ನ ಹತ್ತಿರ ಮಾತಾಡುವ ಅಮ್ಮಂದಿರು ಬರುವುದು ನಿಲ್ಲಿಸುತ್ತಾರೆ.

ಇಂತಿ ನಿಮ್ಮ ಓದುಗ,
ಮೆಡಿಕಲ್ ಸ್ಟೋರ್ ಮಾಲೀಕ, ಬೆಂಗಳೂರು